ಮಡಿಕೆ

ಡಂಡೀಯ ಬೆಳಗು. ಟೇ ನದಿಯ ರೈಲು ಸೇತುವೆ
ಮಂಜಿನೊಳಗೆ ಅರ್ಧಕ್ಕೇ ನಿಂತುಹೋಗಿದೆ.
ನಾನು ಮೂರನೇ ಮಹಡಿಯಲ್ಲಿ, ಕೈಗವಸು ತೊಟ್ಟು,
ಚೆನ್ನೆಮಣೆಯಂಥ ತಟ್ಟೆಯ ತೊಂಬತ್ತಾರು ಗುಳಿಗಳಿಗೆ
ಹನಿ ಎಣಿಸಿ ಬಿಡುತ್ತಿದ್ದೇನೆ:
ಮೊದಲು ಪ್ರೋಟೀನು, ಆಮೇಲೆ ಹೆಪ್ಪು.

ಹೌದು, ಹೆಪ್ಪು. ಇಲ್ಲಿಯವರು ಬೀಜ ಅನ್ನುತ್ತಾರೆ.
ನನಗದು ಬೀಜವಲ್ಲ. ರಾತ್ರಿ ಹಾಲಿಗೆ ಬಿಟ್ಟ ಒಂದು ಚಮಚ
ಬೆಳಗಾಗುವುದರೊಳಗೆ ಪಾತ್ರೆಯನ್ನೆಲ್ಲ
ತನ್ನಂತೆ ಮಾಡಿಕೊಳ್ಳುವುದಲ್ಲ, ಅದೇ ಇದು.
ವ್ಯತ್ಯಾಸ ಇಷ್ಟೇ: ಪಾತ್ರೆ ತಲೆಬುರುಡೆ,
ಒಳಗೆ ಗಟ್ಟಿಯಾದದ್ದನ್ನು ಕಡೆದು
ಯಾರೂ ಬೆಣ್ಣೆ ತೆಗೆದಿಲ್ಲ.

ಹನ್ನೊಂದನೇ ವಾರ ಚಿನ್ನ ಬಂತು.
ಹಳದಿಯಲ್ಲ. ಅಷ್ಟು ಸಣ್ಣದಾದರೆ
ಚಿನ್ನಕ್ಕೆ ತನ್ನ ಬಣ್ಣವೇ ನೆನಪಿರುವುದಿಲ್ಲ,
ಬೀಟ್ರೂಟ್ ತೊಳೆದ ನೀರಿನಂತೆ ಕೆಂಪಗೆ ಕೂತಿರುತ್ತದೆ.
ಒಂದು ಕೂದಲಿನ ಅಗಲದಲ್ಲಿ ನಾಲ್ಕು ಸಾವಿರ ಕಣಗಳು
ಭುಜಕ್ಕೆ ಭುಜ ತಾಗಿಸಿ ನಿಲ್ಲಬಹುದು.
ಅವಕ್ಕೆ ಕೊಟ್ಟ ಕೆಲಸ: ತಪ್ಪಾಗಿ ಮಡಚಿಕೊಂಡ ಎರಡು ಎಳೆಗಳ ನಡುವೆ
ಹೋಗಿ ಕೂರುವುದು. ಯುದ್ಧ ಗಿದ್ಧ ಏನಿಲ್ಲ,
ಬಸ್ಸಿನ ಸೀಟಿನಲ್ಲಿ ಪಿಸುಗುಡುವ ಇಬ್ಬರ ಮಧ್ಯೆ
ಬುಟ್ಟಿ ಸಮೇತ ಬಂದು ಕೂತ ಮೂರನೆಯವಳ ಹಾಗೆ.

ಮೊದಲ ಸಲ ಉಪ್ಪು ಹೆಚ್ಚಾಯಿತು.
ಕಾವಲಿಗೆ ಹೋದ ಚಿನ್ನವೇ ಗುಂಪು ಕಟ್ಟಿತು.
ಕೆಂಪು ಹೋಗಿ ನೇರಳೆ, ನೇರಳೆ ಹೋಗಿ
ಬಾವಿಯ ತಳದ ನೀಲಿ.
ನಮ್ಮ ಮುಖ್ಯಸ್ಥ ಹ್ಯಾಮಿಶ್ ಟಲ್ಲಕ್ ತಟ್ಟೆಯನ್ನು ಕಿಟಕಿಗೆ ಹಿಡಿದು
"ಕಿಟಕಿ ಪರದೆಗೆ ಒಳ್ಳೇ ಬಣ್ಣ" ಅಂದ.
ಚಿನ್ನದ ಚೂರಿಯೆಂದು ಹೊಟ್ಟೆಗೆ ಇರಿದುಕೊಳ್ಳುತ್ತಾರೆಯೇ?
ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಿ
ಅರ್ಧಕ್ಕೆ ಬಿಟ್ಟು, ಪಿಪೆಟ್ ತೊಳೆಯತೊಡಗಿದೆ.

ಹದಿನಾಲ್ಕನೇ ವಾರದ ಶನಿವಾರ ರೋಗಿಗಳು ನೋಡಲು ಬಂದರು.
ಐಲಿಡ್ ಮೆಕ್ರೋಸ್ಟಿ, ಎಪ್ಪತ್ತೆರಡು. ಮೂವತ್ತು ವರ್ಷ
ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಮಡಿಸಿದವಳು.
ಎಡಗೈಯನ್ನು ಕೋಟಿನ ಜೇಬಿನಲ್ಲಿ ಅಡಗಿಸಿದ್ದಳು;
ಜೇಬು ಮಾತ್ರ ಸುಮ್ಮನಿರಲಿಲ್ಲ.

ತೆರೆಯ ಮೇಲೆ ತೋರಿಸಿದೆ: ಈ ಗೆರೆ ಏರಿದೆ, ಇದೂ ಏರಿದೆ,
ಇಗೋ ಈ ಆರು, ಚಿನ್ನ ಹಾಕಿದವು, ನೆಲಕ್ಕೆ ಮಲಗಿವೆ.
"ಅಂದರೆ ಏನಾಯಿತು?"
"ಏನೂ ಆಗಲಿಲ್ಲ."
"ಎಷ್ಟು ಹೊತ್ತು?"
"ನಲವತ್ತು ಗಂಟೆ. ಪ್ಲಾಸ್ಟಿಕ್ ಗುಳಿಯಲ್ಲಿ.
ತಲೆಯಲ್ಲಲ್ಲ. ಇಲಿಯಲ್ಲೂ ಇನ್ನೂ ಇಲ್ಲ."
ಅವಳು ತಲೆಯಾಡಿಸಿದಳು. ಒಪ್ಪಿಗೆಯೋ
ರೋಗವೋ ತಿಳಿಯಲಿಲ್ಲ.
"ನಲವತ್ತು ಗಂಟೆ ಏನೂ ಆಗದೆ ಇರುವುದು!
ಸಾಲ ಮಾಡಿಯಾದರೂ ಕೊಳ್ಳುತ್ತೇನೆ, ಎಲ್ಲಿ ಮಾರುತ್ತಾರೆ?"

ನನ್ನ ನುಡಿಯಲ್ಲೊಂದು ಮಾತಿದೆ, ಅವಳಿಗೆ ಹೇಳಲಿಲ್ಲ.
ಬಟ್ಟೆಯ ಅಂಚಿಗೆ ಅಂಚು ಕೂಡಿಸಿದರೂ ಮಡಿ,
ಮುಟ್ಟಬೇಡ ದೂರ ನಿಲ್ಲು ಎಂದರೂ ಮಡಿ,
ಎದ್ದು ಬಾರದ ಕಡೆಗೆ ಹೋದರೂ ಮಡಿ.
ಈ ಅಣುವಿಗೂ ಅದೇ ಮೂರು ದಾರಿ,
ಎಲ್ಲಿ ಬಾಗುತ್ತದೆ ಎನ್ನುವುದರ ಮೇಲೆ.

ಉಳಿದವರು ಬಸ್ಸು ಹತ್ತಿದರು.
ಚಹಾದ ಮೇಜಿನ ಬಿಳಿ ಬಟ್ಟೆಯನ್ನು ಮುದ್ದೆ ಮಾಡಿ
ಚೀಲಕ್ಕೆ ತುರುಕುವುದರಲ್ಲಿದ್ದೆ.
"ಹಾಗಲ್ಲ ಹುಡುಗಿ, ಇಬ್ಬರು ಬೇಕು ಅದಕ್ಕೆ."
ಜೇಬಿನಿಂದ ಎಡಗೈ ಹೊರಗೆ ಬಂತು.
ಎರಡು ಮೂಲೆ ಅವಳು, ಎರಡು ಮೂಲೆ ನಾನು.
ನಡುಕ ಬಟ್ಟೆಯುದ್ದಕ್ಕೂ ಸಣ್ಣ ಅಲೆಯಾಗಿ ಬಂದು
ನನ್ನ ಬೆರಳಿಗೆ ತಾಗಿತು.
"ಎಳೆದು ಹಿಡಿ." ಹಿಡಿದೆ.
ನನ್ನತ್ತ ನಡೆದು ಬಂದು, ಮೂಲೆ ಕೂಡಿಸಿ,
ಕನ್ನಡಕದ ಮೇಲಿನಿಂದ ನೋಡಿದಳು:
"ನಿನ್ನ ಕಡೆ ಸೊಟ್ಟಗಿದೆ. ಬಿಚ್ಚು,
ಮತ್ತೆ ಮಡಿಸೋಣ."