ಕೊಕ್ಕೆ ತಕ್ಕಡಿ

ಕ್ಯಾಟರಿಕ್ ದಂಡಿನ ಹಿಂಬದಿಯಲ್ಲಿ, ಕುರಿಗಳು ಮೈಯುಜ್ಜುವ
ತಂತಿಬೇಲಿಯ ಪಕ್ಕ, ನನ್ನದೊಂದು ತಗಡಿನ ಷೆಡ್ಡು.
ತೊಲೆಗೆ ಸರಪಳಿ, ಸರಪಳಿಗೆ ಕೊಕ್ಕೆ,
ಕೊಕ್ಕೆಯ ಮೇಲೆ ಗಡಿಯಾರದಂಥ ಮುಖ, ಒಂದೇ ಮುಳ್ಳು.
ಹದಿನೆಂಟು ವರ್ಷ ನಾನೂ ಓಡಿದವನೇ.
ಎಡ ಮಂಡಿ ಅರ್ಜಿ ಕೊಡದೆ ನಿವೃತ್ತಿಯಾದ ಮೇಲೆ
ಕೂತು ತೂಗುವ ಕೆಲಸ ಕೊಟ್ಟರು.

ಬೆಳಗಿನ ಆರೂವರೆ. ಬಾಯಿಂದ ಹೊಗೆ ಬಿಡುತ್ತ ಸಾಲು.
ಒಬ್ಬೊಬ್ಬರ ಬೆನ್ನುಚೀಲವೂ ಇಪ್ಪತ್ತು ಕಿಲೋ.
ನೀರು ಲೆಕ್ಕಕ್ಕಿಲ್ಲ; ಕುಡಿದರೆ ಮುಗಿಯಿತಲ್ಲ.
ತೂಕ ಸಾಲದಿದ್ದರೆ ಮರಳಿನ ಪುಟ್ಟ ಮೂಟೆ,
ಅದರ ಮೇಲೆ ಬಿಳಿ ಬಣ್ಣದಲ್ಲಿ ಅವರವರ ನಂಬರು.
ಹೋಗುವಾಗ ತೂಗುತ್ತೇನೆ, ಬಂದಾಗ ತೂಗುತ್ತೇನೆ.
ನಡುವಿನ ಎಂಟು ಮೈಲಿ ನನ್ನ ಪುಸ್ತಕದಲ್ಲಿಲ್ಲ.

ಆದರೂ ಗೊತ್ತು.
ಮೂರನೆಯ ಮೈಲಿಗೆ ಹೆಗಲ ಪಟ್ಟಿ ಮಾತು ಶುರುಮಾಡುತ್ತದೆ,
ಐದಕ್ಕೆ ಸೊಂಟ ಹೂಂಗುಡುತ್ತದೆ,
ಆರರ ಏರಿನಲ್ಲಿ, ಹೀದರ್ ಪೊದೆಗಳ ನಡುವೆ,
ಮುಂದಿನವನ ಹಿಮ್ಮಡಿ ಬಿಟ್ಟರೆ ಲೋಕವೇ ಇಲ್ಲ.
ಹಕ್ಕಿ ಕೂಗಿದರೂ ನಿನ್ನನ್ನೇ ಅಣಕಿಸಿದ ಹಾಗೆ.

ಇಲಿಸೋನಿ, ಫಿಜಿಯ ಹುಡುಗ, ಜಿಮ್ಮಿನಲ್ಲಿ ಆನೆ.
ಹಗ್ಗ ಹತ್ತಿದರೆ ಸೂರು ನರಳುತ್ತಿತ್ತು.
ಇಬ್ಬರನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಕಿ ಹೊಡೆಯುತ್ತ
ಮೂರನೆಯವನಿಗೆ ಬಾ ಎನ್ನುತ್ತಿದ್ದ.
ಬ್ರೈಯನಿ ಥ್ವೇಟ್, ವರ್ಕಿಂಗ್ಟನ್ನಿನವಳು, ಕಡ್ಡಿ.
ಮೊದಲ ವಾರ ಹಗ್ಗದ ಬುಡದಲ್ಲಿ ವಾಂತಿ ಮಾಡಿ,
ತಾನೇ ಒರೆಸಿ, ಮತ್ತೆ ಹತ್ತಿದ್ದಳು.
ಅವಳ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಆ ಮಂಗಳವಾರ ಎರಚಲು ಮಳೆ.
ಅವಳು ನಡುವಿನ ಗುಂಪಿನಲ್ಲಿ ಬಂದಳು.
ಚೀಲ ಎತ್ತಿ ಕೊಕ್ಕೆಗೆ ಸಿಕ್ಕಿಸಿದೆ.
ಮುಳ್ಳು ಇಪ್ಪತ್ತು ದಾಟಿತು. ಇಪ್ಪತ್ತಮೂರನ್ನೂ ದಾಟಿತು.
"ಒದ್ದೆಯಾಗಿದೆ," ಎಂದಳು.
ಒದ್ದೆಗೆಷ್ಟು ತೂಕವೆಂದು ನನಗೆ ಹೇಳಿಕೊಡುತ್ತಾಳೆ!
ಬಿಚ್ಚಿದೆ. ಎರಡು ಮೂಟೆ. ಒಂದರ ಮೇಲೆ ಮಾತ್ರ ಅವಳ ನಂಬರು.

ಕಾಲು ಗಂಟೆಯ ಮೇಲೆ, ಎಲ್ಲರ ಟೀ ಮುಗಿದಾಗ,
ಮಂಜಿನೊಳಗಿಂದ ಆನೆ ಕುಂಟುತ್ತ ಬಂತು.
ಮುಖದಲ್ಲಿ ನೋವಿಲ್ಲ; ನೋವಿಗೂ ದಮ್ಮು ಬೇಕು.
ಹದಿನಾರು ಕಿಲೋ ಎಂಟುನೂರು.
ಅವನು ಮುಳ್ಳನ್ನು ನೋಡಲಿಲ್ಲ, ಅವಳನ್ನೂ ನೋಡಲಿಲ್ಲ.

ಸ್ಟಾಫ್ ಸಾರ್ಜೆಂಟ್ ಪಾರ್ಫಿಟ್ ಪುಸ್ತಕ ಎರಡು ಸಲ ಓದಿದ.
"ಇದನ್ನು ಕಲಿಸುವುದಕ್ಕೇ ನಾವು ಇಲ್ಲಿರುವುದು," ಎಂದ,
"ಇದನ್ನು ಮಾಡಿದ್ದಕ್ಕೇ ಇಬ್ಬರೂ ಫೇಲು."
ಆಮೇಲೆ ಟೋಪಿ ತೆಗೆದು ನೀರು ಕೊಡವಿದ,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ನನ್ನ ಪೆನ್ನು ಇದ್ದದ್ದನ್ನು ಇದ್ದ ಹಾಗೇ ಬರೆದಿತ್ತು.
ನೂರಿನ್ನೂರು ಗ್ರಾಂ ಅತ್ತಿತ್ತ ಮಾಡಿದ್ದುಂಟು, ಸುಳ್ಳೇಕೆ;
ಮೂರು ಕಿಲೋ ಮುಚ್ಚುವಷ್ಟು ನನ್ನ ಅಂಗೈ ಅಗಲವಿಲ್ಲ.

ಎಕ್ಸ್‌ರೇಯಲ್ಲಿ ಅವನ ಕಣಕಾಲ ಎಲುಬಿಗೆ ಕೂದಲೆಳೆ ಬಿರುಕು.
ನಾಲ್ಕು ಮೈಲಿ ಅದರ ಮೇಲೇ ನಡೆದಿದ್ದ.
ಡಾರ್ಲಿಂಗ್ಟನ್ ರೈಲಿಗೆಂದು ವ್ಯಾನು ಹತ್ತುವಾಗ
ಊರುಗೋಲೆತ್ತಿ ಷೆಡ್ಡಿನತ್ತ ಆಡಿಸಿದ.
ಬೈದನೋ, ಬರುತ್ತೇನೆ ಎಂದನೋ, ತಿಳಿಯಲಿಲ್ಲ.

ಅವಳು ಗುರುವಾರ ಮತ್ತೆ ನಡೆದಳು.
ಇಪ್ಪತ್ತು ಕಿಲೋ, ಒಂದು ಗ್ರಾಂ ಹೆಚ್ಚಿಲ್ಲ.
ಚೀಲ ಇಳಿಸಿಕೊಳ್ಳುತ್ತ ಕೇಳಿದಳು:
"ಆ ಮೂಟೆ ಏನು ಮಾಡಿದಿರಿ?"
ಎಸೆದೆ ಎಂದೆ.

ಎಸೆದಿಲ್ಲ.
ತಕ್ಕಡಿಯ ಸ್ಪ್ರಿಂಗು ಚಳಿಗೆ ಸುಳ್ಳು ಹೇಳುತ್ತದೆ.
ದಿನಾ ಬೆಳಗ್ಗೆ, ಸಾಲು ಬರುವ ಮುಂಚೆ,
ಅದನ್ನೇ ಕೊಕ್ಕೆಗೆ ನೇತುಹಾಕಿ ನೋಡುತ್ತೇನೆ.
ಬಿಳಿ ನಂಬರು ಮಾಸಿದೆ.
ಮುಳ್ಳು ಅಲ್ಲಾಡಿ, ಅಲ್ಲಾಡಿ, ಮೂರು ಕಿಲೋ ಇನ್ನೂರಕ್ಕೆ ನಿಂತರೆ
ಬಾಗಿಲು ತೆಗೆಯುತ್ತೇನೆ.