ಮಾರಿ ತಿರುವೂದು

ಉದ್ಯಮಬಾಗದ ಮೂರನೇ ಅಡ್ಡಸಾಲು,
ಎರಕದ ಕಾರ್ಖಾನಿ. ಟೆಂಪೋದಿಂದ ಇಳಿಸಿದ
ಒಂಬತ್ತು ಡಬ್ಬಿ ಎಣಿಸಿ ಸಹಿ ಹಾಕಿದೆ.
ಥರ್ಮಾಕೋಲು ಕಿರಗುಟ್ಟಿ ಹೊರಗ ಬಂತು;
ಅದರ ಕಾಳು ಕರೀ ಉಸುಕಿನ ನೆಲದ ಮ್ಯಾಲೆ
ಒಂದ್ ಗಳಿಗಿ ಬೆಳ್ಳಗ ಇದ್ದವು, ಅಷ್ಟ.

ಹಳೇವನ್ನ ಬಿಚ್ಚಿದಾಗ
ಫ್ಯಾನಿನೊಳಗ ಕಾಡಿಗಿಯಂಥಾ ಧೂಳು.
ಕೀಬೋರ್ಡ್ ಬೋರಲು ಹಾಕಿ ತಟ್ಟಿದರ
ಸೇವಿನ ಚೂರು, ಸ್ಟೇಪ್ಲರ್ ಪಿನ್ನು,
ಒಂದು ಮೂಗುಬಟ್ಟಿನ ತಿರುಪು.
"ಅಯ್ಯ, ಇದರ ಸಲವಾಗಿ ನಮ್ಮತ್ತಿ ಕಡೆ ಎಷ್ಟ್ ಬೈಸಿಕೊಂಡೇನಿ!"
ಲೆಕ್ಕದ ಶಶಿಕಲಾ ಚೌಗುಲೆ
ಐದು ವರ್ಷದ ಹಿಂದಿನ ಬೈಗಳ ನೆನಸಿ ನಕ್ಕರು.

ನನ್ನ ಕೆಲಸ ಇಷ್ಟ:
ವಾಯರು ಜೋಡಸೂದು, ಪ್ರಿಂಟರಿಗೆ ದಾರಿ ತೋರಸೂದು,
ಹಳೇ ಫೈಲು ಹೊಸ ಮನಿಗೆ ಸಾಗಸೂದು.
ಆಮ್ಯಾಲೆ "ಈಗ ನಿಮ್ಮ ಪಾಸ್‌ವರ್ಡ್ ಹೊಡೀರಿ" ಅಂದು
ಮಾರಿ ತಿರುವೂದು.

ಇದನ್ನ ಯಾರೂ ಕಲಿಸಿಲ್ಲ, ಕೋರ್ಸಿನ ಪುಸ್ತಕದಾಗ ಇಲ್ಲ.
ಸೀರಿ ಉಡೋ ಕೋಣಿ ಮುಂದ ಹಾದು ಹೋಗುವಾಗ
ಕಣ್ಣು ತಾವಾಗೇ ನೆಲಕ್ಕ ಬೀಳೂದಿಲ್ಲೇನು, ಹಂಗ.

ಹಿಂಗಾಗಿ ಗ್ವಾಡಿ ಭಾಳ ನೋಡೇನಿ ನಾ.
ಶಶಿಕಲಾ ಅವರ ಬೆನ್ನಿಗೆ ಮರಾಠಿ ಕ್ಯಾಲೆಂಡರು,
ಹಾಲಿನ ಲೆಕ್ಕ, ಹದಿನೇಳನೇ ತಾರೀಖಿಗೊಂದು
ಸಣ್ಣ ಗೀಟು. ಕಾರಣ ಬರದಿಲ್ಲ.
ಸ್ಟೋರ್ಸಿನ ದುಂಡಪ್ಪ ಕರಿಕಟ್ಟಿ ಅವರ ಗ್ವಾಡಿಗೆ
ಮೊಳಿ ಐತಿ, ಏನೂ ತೂಗಹಾಕಿಲ್ಲ.
ಇರ್ಫಾನ್ ಮುಲ್ಲಾನ ಕಿಡಕಿಯಾಚೆ ನುಗ್ಗಿಗಿಡ,
ಭಟ್ಟಿ ಹೊಗಿಗೆ ಅದರ ಹೂವೂ ಕರ್ರಗ.

ಕಣ್ಣು ತಿರುವಬಹುದು, ಕಿವಿಗೆ ಬಾಗಿಲ ಇಲ್ಲ.
ದುಂಡಪ್ಪಂದು ಒಂದೊಂದ ಬೆರಳು, ನಡುವ ಉಸಿರು,
ಬಾಂವ್ಯಾಗ ಕೊಡ ಇಳಿಸಿದಂಗ.
ಇರ್ಫಾನಂದು ತಗಡಿನ ಮ್ಯಾಲೆ ಆಣಿಕಲ್ಲು.
ಶಶಿಕಲಾ ನಾಕು ಹೊಡದು, ತಡದು, ಅಳಿಸಿ
ಬ್ಯಾರೇ ಏನೋ ಹೊಡದರು.
ಅಳಿಸಿದ ಆ ನಾಕು ಅಕ್ಷರ ಯಾರ ಹೆಸರೋ,
ನಾ ಕೇಳಾಂಗಿಲ್ಲ.

ಒಂಬತ್ತನೇದು ಯಾರದಂತ ಪಟ್ಟಿಯೊಳಗ ಇರಲಿಲ್ಲ.
"ಕೋರ್ ಶಾಪಿನ ನೀಲವ್ವಂದು" ಅಂದರು ಮ್ಯಾನೇಜರು,
"ನಾಳಿಂದ ತೂಕದ ಚೀಟಿ ಆಕೀನ ಏರಸ್ತಾಳ."
ಹನ್ನೊಂದು ವರ್ಷ ಉಸುಕಿನ ಅಚ್ಚು ತಿದ್ದಿದ ಕೈ
ಸೆರಗಿಗೆ ಒರಸಿಕೋತ ಬಂದಳು.
ಇಲ್ಲಿ ಬೆರಳು ಇಡ್ರಿ, ಗುರುತು ಹಿಡೀತೈತಿ ಅಂದೆ.
ಇಟ್ಟಳು. ಇಲ್ಲ ಅಂತು.
ಒರಸಿ ಇಟ್ಟಳು. ಇಲ್ಲ ಅಂತು.
ಹತ್ತೂ ಬೆರಳಿಗೂ ಇಲ್ಲ ಅಂತು ಯಂತ್ರ.
"ರೇಷನ್ ಅಂಗಡ್ಯಾಗೂ ಹಿಂಗ" ಅಂದಳು,
"ಗೀಟೆಲ್ಲ ಉಸುಕು ತಿಂದೇತ್ರಿ. ಅಲ್ಲಿ ಕಣ್ಣು ತೋರಸ್ತೇನಿ."
ಇಲ್ಲಿ ಒಂದು ಮಾತು ಸಾಕು,
ನಿಮಗೊಬ್ಬರಿಗೇ ಗೊತ್ತಿರೂ ಅಂಥಾದ್ದು ಅಂದೆ.
"ನನಗೊಬ್ಬಾಕಿಗೆ?"
ಹೌದು.
"ಮನ್ಯಾಗೂ ಹೇಳಬಾರದು?"
ಹೇಳಬಾರದು.
ಕುರ್ಚಿ ಮುಂದಕ್ಕ ಎಳಕೊಂಡಳು.

ನಾ ಮಾರಿ ತಿರುವಿದೆ.
ಅಲ್ಲಿ ಗ್ವಾಡಿ ಇರಲಿಲ್ಲ, ಖಾಲಿ ಡಬ್ಬಿಗಳ ಅಟ್ಟಿ;
ಎಲ್ಲಾದರ ಮ್ಯಾಲೂ ಬಾಣ, ಮ್ಯಾಲಿನ ಕಡೆ ಯಾವುದಂತ.
ಎಷ್ಟೊತ್ತು ನೋಡಿದೆನಂದ್ರ ಆ ಬಾಣಗಳನ್ನ,
ಚಾ ತಂದಿಟ್ಟ ಹುಡುಗ
ಆರಿದ ಮ್ಯಾಲೆ ಬಂದು ಬೈದು ಹೋದ.

ಸಂಜಿಗೆ ಮಾಲಕರು:
"ಎಲ್ಲಾರದೂ ಒಂದ್ ಹಾಳಿ ಮ್ಯಾಲೆ ಬರದು ಕೊಟ್ಟುಬಿಡ್ರಿ."
"ಏನ್ರಿ?"
"ಪಾಸ್‌ವರ್ಡು."
"ನಾ ಗ್ವಾಡಿ ನೋಡಾಕತ್ತಿದ್ದೆ ರೀ."
ಅವರು ನಗಲಿಲ್ಲ. ಬಿಲ್ಲಿನಾಗ ಇನ್ನೂರು ಮುರಕೊಂಡರು.

ಮರುದಿನ ಎಂಟೂವರಿಗೆ ಖಡೇಬಜಾರದಾಗ ಫೋನು.
"ಅಕ್ಕಾರ, ನೀಲವ್ವ ರೀ. ತಪ್ಪು ಅನ್ನಾಕತ್ತೇತಿ.
ಏನ್ ಇಟ್ಟಿದ್ದೆ ಅಂತ ಹೇಳತೇನಿ, ಸರಿ ಐತೇನ ನೋಡ್ರಿ..."
"ಹೇಳಬ್ಯಾಡ್ರಿ!" ಅಂದೆ. "ಕ್ಯಾಪ್ಸಿನ ದೀಪ ಹತ್ತೇತೇನ
ಮೊದಲ ನೋಡ್ರಿ. ಆರಿಸಿ, ಸಾವಕಾಶ ಹೊಡೀರಿ."
ಫೋನಿನೊಳಗ ಒಂದ ಕೀಲಿ. ತಡದು, ಇನ್ನೊಂದು.
ಅಷ್ಟರಾಗ ನಾ, ಯಾರೂ ಹೇಳದನ,
ಅಂಗಡಿ ಗ್ವಾಡಿಗೆ ಮಾರಿ ಮಾಡಿ ನಿಂತಿದ್ದೆ;
ಹಿಂದ ಕಾಯಿಪಲ್ಲೆ ಗಾಡಿಯಂವ
ಸರೀರಿ ಅಕ್ಕಾರ, ಸರೀರಿ ಅಂತಿದ್ದ.