ಗೆರೆಯ ಮೇಲಿನ ಚುಕ್ಕೆ

ನಗರಸಭೆಯ ಮೇಲ್ಮಹಡಿ, ಮೂರೂವರೆ ಗಂಟೆ.
ಶಿರವಾಡದ ಸ್ಟೇಷನ್ನಿನಿಂದ ಬೈತಖೋಲದ ಬಂದರಿಗೆ
ಹಗುರ ರೈಲು ಬರುವುದೇ ಆದರೆ
ನೆಲದ ಮೇಲೋ, ನೆಲದ ಕೆಳಗೋ:
ಸಾರ್ವಜನಿಕರ ಅಭಿಪ್ರಾಯ ಬರೆದುಕೊಳ್ಳುವ ಕೆಲಸ ನನ್ನದು.
ಉದ್ದ ಹಾಳೆ. ಸ್ಕೇಲಿಟ್ಟು ನಡುವೆ ಗೆರೆ ಎಳೆದೆ.
ಎಡಕ್ಕೆ ‘ಮೇಲೆ’, ಬಲಕ್ಕೆ ‘ಕೆಳಗೆ’.

ಹುಬ್ಬಳ್ಳಿಯಿಂದ ಬಂದ ಇಂಜಿನಿಯರು ನಕ್ಷೆ ಬಿಡಿಸಿದರು.
ರಸ್ತೆಗೆ ಬೂದು, ಸಮುದ್ರಕ್ಕೆ ನೀಲಿ,
ಅಂಗಡಿಗಳಿಗೆ ಒಂದೊಂದು ಚಿಕ್ಕ ಚೌಕ.
ನೆಲದಡಿಗೆ ಮಾತ್ರ ಬಣ್ಣವಿಲ್ಲ,
ಬರೀ ಬಿಳಿ,
ಅಲ್ಲಿ ಯಾರೂ ಇಲ್ಲವೆಂಬಂತೆ.

ಬಂಗಾರದಂಗಡಿಯ ವೆರ್ಣೇಕರರು
ಕೆಳಗೆ ಎಂದರು, ಕೂತಲ್ಲಿಂದಲೇ.
ರಸ್ತೆ ಅಗೆದರೆ ಚೌತಿಯ ವ್ಯಾಪಾರ ಹೋಯಿತಲ್ಲ.
ಕಾಜುಬಾಗದ ನಿವೃತ್ತ ಮಾಸ್ತರರು ಮೇಲೆ ಎಂದರು:
ಕಿಟಕಿಯಲ್ಲಿ ಕಡಲು ಕಾಣದ ರೈಲಿಗೆ
ಕಾರವಾರ ಯಾಕೆ ಬೇಕು?
ಚಪ್ಪಾಳೆ ಬಿತ್ತು.
ಆಟೋ ಸಂಘದ ಜಾಕಿ ಫರ್ನಾಂಡಿಸ್ ಎರಡೂ ಬೇಡ ಎಂದ.
ಬೇಡಕ್ಕೆ ಕಾಲಂ ಇಲ್ಲ ಎಂದೆ.
ಹಾಗಾದರೆ ಕೆಳಗೇ ಹಾಕಿ ಮಾರಾಯ್ರೆ,
ಕಣ್ಣಿಗಾದರೂ ಬೀಳದಿರಲಿ.

ಆಮೇಲೆ ಎದ್ದವನು ಗಿರಿಯಾ ಮುಕ್ರಿ.
ಕೊಂಕಣ ರೈಲಿನ ಸುರಂಗ ಕೊರೆಯುವಾಗ
ಎರಡು ಮಳೆಗಾಲ ಒಳಗಿದ್ದವನು;
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದವನು.
“ಹಗುರ ಅಂದ್ರೆ ಎಷ್ಟು ಹಗುರ ಒಡ್ಯಾ?”
ಯಾರೋ ನಕ್ಕರು. ಅವನು ನಗಲಿಲ್ಲ.
“ಕಲ್ಲಾದ್ರೆ ಮದ್ದಿಟ್ಟು ಹಾರ್ಸಬಹುದು.
ಕೆಸರಿಗೆ ಎಂತ ಇಡ್ತ್ರಿ?
ಬೆಳಿಗ್ಗೆ ಒಂದು ಆಳುದ್ದ ತೆಗ್ದ್ರೆ
ಸಂಜಿಗೆ ಗುಡ್ಡ ತಿರುಗಿ ತುಂಬ್ಕಂತಿತ್ತು,
ನಾವು ಬರ್ಲೇ ಇಲ್ಲ ಅನ್ನೋ ಹಂಗೆ.
ಕೋಡಿಬಾಗದ ಬಾವಿ ನೀರನ್ನ
ಹುಣ್ಣಿಮೆ ದಿನ ಬಾಯಿಗೆ ಬಿಟ್ಕಂಡು ನೋಡಿ.
ಉಪ್ಪು.
ಕಡಲು ದಂಡೆ ಮೇಲೇ ನಿಂತದೆ ಅಂದ್ಕಂಡಿದ್ರಾ?
ಅದು ನಿಮ್ಗಿಂತ ಮೊದ್ಲೇ ಕೆಳಗಿನ ದಾರಿ ಹಿಡದದೆ.”

ಇಂಜಿನಿಯರು ಕನ್ನಡಕ ಒರೆಸಿಕೊಂಡು
ಈಗ ಯಂತ್ರಗಳು ಬಂದಿವೆ ಎಂದರು.
ಗಿರಿಯಾ ಕಿವುಡು ಕಿವಿಯನ್ನು ಅವರತ್ತ ತಿರುಗಿಸಿ ಕೂತ.

ಬುಟ್ಟಿ ಹೊರಗಿಡು ಎಂದು ಜವಾನ ಹೇಳಿದ್ದಕ್ಕೆ
ಬುಟ್ಟಿಯ ಜೊತೆ ತಾನೂ ಹೊರಗೇ ನಿಂತಿದ್ದ
ಶೇವಂತಿ ಹರಿಕಂತ್ರ
ಬಾಗಿಲಿನಿಂದಲೇ ಕೇಳಿದಳು:
“ಕೈ ತೋರ್ಸದ್ರೆ ನಿಲ್ತದ್ಯಾ?”

ಇಂಜಿನಿಯರಿಗೆ ಅರ್ಥವಾಗಲಿಲ್ಲ.
“ಬಸ್ಸು ನಿಲ್ಲೂದಿಲ್ಲ. ವಾಸ್ನಿ ಅಂತಾನೆ ಕಂಡಕ್ಟರ.
ಟೆಂಪೋದ ದಾಮು ನಿಲ್ಲಿಸ್ತಾನೆ,
ಬಂಗಡೆ ಎರಡು ಕೊಟ್ರೆ.
ನಿಮ್ದು ನಿಲ್ತದ್ಯಾ?”

ಅಮ್ಮಾ, ಇದು ಸ್ಟಾಪಿನಲ್ಲಿ ಮಾತ್ರ. ಒಟ್ಟು ಏಳು ಸ್ಟಾಪು.
ಬಾಗಿಲು ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ.
ಹಸಿ ಮೀನಿಗೆ... ನಿಯಮ ನೋಡಬೇಕು.

ಅವಳು ಸಿಂಬಿಯನ್ನು ತಲೆಗಿಟ್ಟಳು.
ಬುಟ್ಟಿ ಎತ್ತಲು ಆ ಜವಾನನೇ ಕೈ ಕೊಟ್ಟ.
“ಹಂಗಾದ್ರೆ ಮೇಲಾರೂ ಓಡ್ಸಿ, ಕೆಳಗಾರೂ ಓಡ್ಸಿ.
ನನ್ನ ಬುಟ್ಟಿ ನಡ್ಕಂಡೇ ಹೋಗೂದು.”
ಶೆಟ್ಲಿಯ ನೀರು ಒಂದೊಂದೇ ಹನಿ
ಅವಳ ಹಿಂದೆ ಮೆಟ್ಟಿಲಿಳಿದು ಹೋಯಿತು.

ಪೆನ್ನು ಹಿಡಿದು ಕೂತೆ.
ಮೇಲೆ ಎನ್ನಲಿಲ್ಲ. ಕೆಳಗೆ ಎನ್ನಲಿಲ್ಲ.
ಗೈರುಹಾಜರಿ ಎಂದು ಬರೆಯೋಣವೆಂದರೆ
ಕೋಣೆಯ ತುಂಬ ಇನ್ನೂ ಅವಳೇ ಇದ್ದಳು,
ಫ್ಯಾನು ತಿರುಗಿ ತಿರುಗಿ ಅದನ್ನೇ ಎಲ್ಲರಿಗೂ ಹಂಚುತ್ತಿತ್ತು.
ಕೊನೆಗೆ ನಡುವಿನ ಗೆರೆಯ ಮೇಲೆ
ಒಂದು ಚುಕ್ಕೆ ಇಟ್ಟೆ.

ಐದಕ್ಕೆ ಸಾಹೇಬರು ಹಾಳೆ ತರಿಸಿಕೊಂಡು
ಎಡ ಕೂಡಿಸಿದರು, ಬಲ ಕೂಡಿಸಿದರು.
ಇದೇನಿದು, ಶಾಯಿ ಸೋರಿತೇನು?
ಹೌದು ಸರ್, ಎಂದೆ.

ಡ್ರಾಯರಿನಿಂದ ಬ್ಲೇಡು ತೆಗೆದು ಅವರೇ ಹೆರೆದರು,
ನಿಧಾನ, ಹಾಳೆ ಹರಿಯದಂತೆ.
ಅಲ್ಲಿ ಕಾಗದ ತೆಳುವಾಗಿದೆ.
ಕಿಟಕಿಗೆ ಹಿಡಿದರೆ
ಆಚೆಯ ರಸ್ತೆ ಮಬ್ಬಾಗಿ ಕಾಣುತ್ತದೆ.